ಬಾವಿ ತಿರುಗಿಸಿದ ಲೆಕ್ಕ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ.

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ನಾನವನನ್ನ ಅಣ್ಣ ಅಂತೀನಿ. ಅವತ್ತು ಕೊನೇ ಬಸ್ಸು ತಪ್ಪಿ, ರಾತ್ರಿ ಹನ್ನೊಂದೂವರೆಗೆ ಒಬ್ಬನೇ ನಡ್ಕೊಂಡು ಬರ್ತಿದ್ದ. ದಾರೀಲಿ ಒಂದು ಹಾಳುಬಾವಿ. ನೀರು ಸೇದೋರು ಯಾರೂ ಇಲ್ಲ. ರಾಟೆ ಮಾತ್ರ ಗಾಳಿಗೆ... ಕಿರ್ರ್... ಕಿರ್ರ್...

ಅಣ್ಣನ ಕೆಲಸ ಆಕಾಶ ನೋಡೋ ಆಫೀಸಲ್ಲಿ. ಎಲ್ಲೋ ದೂರದಲ್ಲಿ ಎರಡು ದೈತ್ಯ ಕಪ್ಪುಕುಳಿ ಒಂದನ್ನೊಂದು ಸುತ್ತಿದ್ರೆ ಅಲೆ ಏಳುತ್ತಂತೆ. ಒಂದೇ ಒಂದು ಅಲೆ ನಮ್ಮನ್ನ ದಾಟಿ ಹೋಗೋಕೆ ಹತ್ತು ವರ್ಷ! ಅದರ ಉದ್ದಕ್ಕೆ ಮೈಲಿ ಗೀಲಿ ಸಾಲಲ್ಲ. ಬೆಳಕು ಒಂದು ವರ್ಷ ಓಡೋ ದೂರ ಒಂದು ಜ್ಯೋತಿರ್ವರ್ಷ. ಅಂಥ ಮೂರೂಕಾಲು ಸೇರಿದ್ರೆ ಒಂದು ಪಾರ್ಸೆಕ್. ಜ್ಯೋತಿರ್ವರ್ಷವನ್ನ ಪಾರ್ಸೆಕ್‌ಗೆ ತಿರುಗಿಸಿ ಬರೆಯೋದು ಅಣ್ಣನ ಪಾಲಿನ ಕೆಲಸ.

ಅಲ್ಲೊಂದು ಪದ್ಧತಿ. ಕಂಪ್ಯೂಟರ್ ಇದ್ರೂ ಅದನ್ನ ಬಿಟ್ಟಿರಲಿಲ್ಲ. ಅಣ್ಣ ಪಾರ್ಸೆಕ್ ಅಂಕಿ ಕೂಗಬೇಕು. ಎದುರು ಮೂಲೇಲಿ ಕೂತ ಮುದುಕರು, ಕಾಗದ ನೋಡದೆ, ಅದನ್ನ ವಾಪಸ್ ಜ್ಯೋತಿರ್ವರ್ಷಕ್ಕೆ ತಿರುಗಿಸಿ ಕೂಗಬೇಕು. ಮೊದಲಿನ ಅಂಕಿಗೆ ಸರಿಹೋದ್ರೆ ಪೆನ್ಸಿಲಲ್ಲಿ ಮೇಜು ಕುಟ್ಟೋರು... ಟಕ್ ಟಕ್. ಆಮೇಲೆ ರಿಜಿಸ್ಟರಲ್ಲಿ ಸಹಿ. ಎಲ್ರೂ ಅವರನ್ನ ತಾಳೆ ಮೇಷ್ಟ್ರು ಅನ್ನೋರು. ಮೂವತ್ತು ವರ್ಷ, ಒಂದೂ ತಪ್ಪಿಲ್ಲ.

ಒಂದು ಸಂಜೆ ಮೇಷ್ಟ್ರು ಟೀ ಕುಡಿಯೋಕೆ ಹೋಗಿದ್ರು. ಅಣ್ಣನಿಗೆ ಬಸ್ಸಿನ ಅವಸರ. ಹತ್ತು ಜ್ಯೋತಿರ್ವರ್ಷದ ಅಲೆ. ಮೂರೂಕಾಲಿಂದ ಭಾಗಿಸಬೇಕಾದೋನು ಗುಣಿಸಿಬಿಟ್ಟ. ಹೆಚ್ಚುಕಮ್ಮಿ ಮೂರು ಪಾರ್ಸೆಕ್ ಆಗಬೇಕಾದ್ದು ಮೂವತ್ತೆರಡೂವರೆ ಆಯ್ತು. ಅದು ಸಾಲದು ಅಂತ ಮೇಷ್ಟ್ರ ಸಹೀನೂ ತಾನೇ ಗೀಚಿದ. ಬಸ್ಸು ಸಿಕ್ತು.

ಆ ಅಂಕಿ ಹತ್ತಾರು ಕಡೆ ಹೋಯ್ತು. ಕೊನೆಗೆ ಆಫೀಸೇ ನಗೆಪಾಟಲು. "ಸಹಿ ಯಾರದ್ದು?" ಅಂದ್ರು ಸಾಹೇಬ್ರು. ಮೇಷ್ಟ್ರು ರಿಜಿಸ್ಟರ್ ನೋಡಿದ್ರು. ಅಣ್ಣನನ್ನ ನೋಡಿದ್ರು. ಏನೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲಾದ್ರೂ ಮುಟ್ಟಿ ನೋಡ್ಕೋತಾನೆ. ನಮ್ಮ ಅಣ್ಣ ಅದನ್ನೂ ಮಾಡಲಿಲ್ಲ. ನಿವೃತ್ತಿಗೆ ಎರಡೇ ತಿಂಗಳಿದ್ದ ಮೇಷ್ಟ್ರನ್ನ ಅವತ್ತೇ ಮನೆಗೆ ಕಳಿಸಿದ್ರು. ಆರು ತಿಂಗಳಿಗೆ ತೀರ್ಕೊಂಡ್ರು. ಅಣ್ಣ ಮಣ್ಣಿಗೂ ಹೋಗಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ತಾನೆ?

ಅದಾಗಿ ಒಂದು ತಿಂಗಳಿಗೆ ಈ ಬಾವಿ ರಾತ್ರಿ. ಅಣ್ಣನಿಗೆ ನಡೀತಾ ಲೆಕ್ಕ ಗೊಣಗೋ ಚಾಳಿ. ಬಾವಿಕಟ್ಟೆ ಹತ್ರ "ಎರಡು ಪಾರ್ಸೆಕ್" ಅಂದ.

ಒಳಗಿಂದ ಬಂತು... "ಆರೂವರೆ ಜ್ಯೋತಿರ್ವರ್ಷ."

ಚಪ್ಪಲಿಯ ಚರಚರ ನಿಂತಿತು. ರಾಟೆಯ ಸದ್ದೂ ನಿಂತಿತು. ಅಣ್ಣ ಬಗ್ಗಿ ಪಿಸುಗುಟ್ಟಿದ. "ನಾಲ್ಕು ಪಾರ್ಸೆಕ್..."

"ಹದಿಮೂರು."

ಆಮೇಲೆ, ಆಳದಲ್ಲಿ... ಟಕ್ ಟಕ್.

ಅಣ್ಣನ ಬಾಯಿ ತಾನಾಗೇ ಅಂತು, "ಮೂವತ್ತೆರಡೂವರೆ..."

ಆಮೇಲೆ ತುಂಬ ಮೆತ್ತಗೆ, "ನೂರಾ ಆರು. ತಾಳೆ ಆಗ್ತಿಲ್ಲಪ್ಪ."

ಬೈದಿದ್ರೆ ಚೆನ್ನಾಗಿತ್ತು ಅಂತಾನೆ ಅಣ್ಣ, ಇವತ್ತಿಗೂ. ನಾಚಿಕೆಗೆ ಅಲ್ಲೇ ಕಟ್ಟೆ ಹಿಡ್ಕೊಂಡು ಕೂತುಬಿಟ್ಟನಂತೆ.

ಬೆಳಿಗ್ಗೆ ಸಾಹೇಬ್ರ ಮುಂದೆ ಎಲ್ಲಾ ಒಪ್ಕೊಂಡ. ಮೇಷ್ಟ್ರ ಮೇಲಿದ್ದ ತಪ್ಪು ತೆಗೆಸಿದ. ಇವನನ್ನ ಆ ಮೇಜಿಂದ ಎಬ್ಬಿಸಿದ್ರು. ಆಗಬೇಕಾದ್ದೇ. ಸಂಜೆ ನನ್ನನ್ನೂ ಎಳ್ಕೊಂಡು ಮೇಷ್ಟ್ರ ಮನೆಗೆ ಹೋದ. ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ್ರು.

"ಅವರಿಗೆ ಗೊತ್ತಿತ್ತು ಕಣಪ್ಪ. ನಿನ್ನ ಕೈಬರಹ ಅವರಿಗೆ ಗೊತ್ತಾಗಲ್ವೇ?"

"ಮತ್ತೆ ಯಾಕೆ ಹೇಳಲಿಲ್ಲಮ್ಮಾ?"

"ನೀನೇ ಬಂದು ಹೇಳ್ತೀಯ ಅಂತ. ದಿನಾ ನಿನ್ನ ಬಸ್ಸು ಈ ಕಡೆ ಬರೋ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಕೂರೋರು. ಕೊನೇ ದಿನಾನೂ ಕೂತಿದ್ರು."

ಅಣ್ಣ ತಲೆ ಎತ್ತಲಿಲ್ಲ. ತಪ್ಪು ನನ್ನದಲ್ಲ, ಆದ್ರೂ ನನಗೇ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು.

ವಾಪಸ್ ಬರ್ತಾ ಇಬ್ರೂ ಬಾವಿ ಹತ್ರ ನಿಂತ್ವಿ. ಕತ್ತಲಾಗಿತ್ತು. ನಾನು "ಹೋ" ಅಂದೆ. "ಹೋ..." ಅಂತ ವಾಪಸ್ ಬಂತು, ಎಲ್ಲ ಬಾವೀಲೂ ಬರೋ ಹಾಗೆ. ಅಣ್ಣ ಬಗ್ಗಿ, "ತಪ್ಪಾಯ್ತು ಮೇಷ್ಟ್ರೇ" ಅಂದ.

ಏನೂ ಬರಲಿಲ್ಲ.

ಗಂಟಲು ಹರಿಯೋ ಹಾಗೆ ಕೂಗಿದ. ಇಲ್ಲ. ಒಂದು ಕಲ್ಲು ಎತ್ತಿ ಹಾಕಿದ. ಸದ್ದೇ ಇಲ್ಲ. ಅದೇ ಜಾಗದಲ್ಲಿ ನಾನು ಹಾಕಿದೆ... ಗುಳುಂ.

ಆಣೆ ಮಾಡಿ ಹೇಳ್ತೀನಿ, ಪಕ್ಕದಲ್ಲೇ ಇದ್ದೆ. ಹನ್ನೆರಡು ವರ್ಷ ಆಯ್ತು, ಈಗಲೂ ಬಾವಿ ಅಣ್ಣನಿಗೆ ಮಾತ್ರ ಏನೂ ವಾಪಸ್ ಕೊಡಲ್ಲ. ನಂಬಿಕೆ ಬರದಿದ್ರೆ ನಾಳೆ ಬನ್ನಿ, ತೋರಿಸ್ತೀನಿ. ಅಣ್ಣನನ್ನ ಕರೆಯೋದೇನೂ ಬೇಡ, ಅಲ್ಲೇ ಇರ್ತಾನೆ. ದಿನಾ ಬಸ್ಸು ಬಿಟ್ಟು, ಆ ದಾರೀಲೇ ನಡ್ಕೊಂಡು ಬರ್ತಾನೆ.