ಮಾಲಿನಿಯ ಹೆಸರಲ್ಲಿ ಹೋದ ಉತ್ತರ

ಜಾವಗಲ್ಲಿನಿಂದ ಅರಸೀಕೆರೆ ಬಸ್ಸು ಹೊರಡುವ ಗಳಿಗೆ ಪಂಚಾಂಗ ಬರೆದವರಿಗೂ ತಿಳಿಯದು. 2003ರ ಒಂದು ಬೆಳಿಗ್ಗೆ ಅದಕ್ಕೆ ಕಾಯುತ್ತಿದ್ದ ಜಯದೇವಪ್ಪನವರ ಕಿವಿ, ಅವರನ್ನು ಬಿಟ್ಟು ಪಕ್ಕದ ಬೆಂಚಿಗೆ ಹೋಗಿ ಕೂತಿತು. ಅಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯ ಟೈಪಿಸ್ಟ್ ಮಾಲಿನಿ, ಅವಳ ಭಾವ ಪುಟ್ಟರಾಜು.

“ಹಾಸನದ ಕಾಲೇಜ್ ಕೆಲ್ಸಕ್ಕೆ ಇಂಟರ್‌ವ್ಯೂಗೆ ಕರೆದಿದ್ರು, ಭಾವ. ಇಮೇಲು ಮಂಡಿಗೆ ಬಂತು.”

“ಮಂಡಿ ಅಡ್ರೆಸ್ ಯಾಕ್ ಕೊಟ್ಟೆ? ಸೈಬರ್ ಸೆಂಟರಲ್ಲಿ ನಿನ್ನ ಹೆಸ್ರಲ್ಲೇ ಒಂದು ಇಮೇಲ್ ಅಡ್ರೆಸ್ ಬಿಟ್ಟಿ ಮಾಡ್ಕೊಡ್ತಾರಲ್ಲ.”

“ಬಿಟ್ಟಿ ಅಡ್ರೆಸ್ಸಿಗೆ ಏನ್ ಮರ್ಯಾದೆ ಅಂದ್ಕೊಂಡೆ. ಮಂಡಿದಕ್ಕೆ ಸಾಹುಕಾರ್ರು ವರ್ಷವರ್ಷ ದುಡ್ಡು ಕಟ್ತಾರೆ.”

“ಕಟ್ಟೋರ ಹತ್ರ ಬೀಗದ ಕೈನೂ ಇರ್ತೈತೆ, ಪುಣ್ಯಾತಗಿತ್ತಿ! ಓದಿದ್ರಾ?”

“ಓದಿ ಉತ್ರಾನೂ ಕಳ್ಸವ್ರೆ, ನನ್ನ ಹೆಸ್ರಲ್ಲಿ. ‘ಇಲ್ಲೇ ಸುಖವಾಗಿದ್ದೇನೆ, ನಿಮ್ಮ ಕೆಲಸ ಬೇಡ’ ಅಂತ.”

“ಥೂ! ಕಾಲೇಜಿಗೆ ಫೋನ್ ಮಾಡಿದ್ಯಾ?”

“ಮಾಡ್ದೆ. ‘ನೀವೇ ಬೇಡ ಅಂದ್ರಲ್ಲಮ್ಮ, ಬೇರೆಯೋರ್ನ ತಗೊಂಡ್ವಿ’ ಅಂದ್ರು.”

“ಸಾಹುಕಾರ್ರನ್ನ ಕೇಳಿದ್ಯಾ?”

“ಕೇಳ್ದೆ. ‘ನಿನ್ನಂಥ ಹುಡುಗಿ ಇನ್ನೆಲ್ಲಿ ಸಿಕ್ತಾಳಮ್ಮ’ ಅಂದ್ರು. ಹೊಗಳಿದ್ದಂತೆ ಅದು.”

ಬಸ್ಸು ಬಂತು. ಮಾಲಿನಿ ಬ್ಯಾಗು ಎತ್ತಿಕೊಂಡಳು.

“ಈಗೆಲ್ಲಿಗೆ ಹೊಂಟೆ?”

“ಮಂಡಿಗೇ. ಬೇರೆ ಕೆಲ್ಸ ನಾನೇ ಬೇಡ ಅಂದಿದೀನಲ್ಲ, ಭಾವ.”

ಅವಳು ಹತ್ತಿದಳು. ಪುಟ್ಟರಾಜು ಹಿಂದಿರುಗಿ ನೋಡದೆ ಪೇಟೆಯ ಕಡೆ ನಡೆದ.