ಮಹಡಿ ಗೋಡೆಯಲ್ಲೊಂದು ಬಾಗಿಲುವಾಡ

ಇದು ಕಟ್ಟುಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗ, ಗಾರೆ ಕೆಲಸದ ವಿಲ್ಫ್ ಗ್ಯಾರಡ್, ಕಿವಿಯಾರೆ ಕೇಳಿದ್ದು. ನಂಬದಿದ್ದರೆ ಬಿಡಿ... ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ನನ್ನನ್ನು ಮಾತ್ರ ಎಬ್ಬಿಸಬೇಡಿ.

ಇಂಗ್ಲೆಂಡಿನ ಸಫೊಕ್ ಸೀಮೆಯ ನಮ್ಮೂರಲ್ಲಿ ಕೊಳದ ಪಕ್ಕ ಬ್ಲೈಫರ್ಡರ ಮನೆ. ಓಕ್ ಮರದ ಚೌಕಟ್ಟು, ನಡುನಡುವೆ ಕಡ್ಡಿ ಹೆಣೆದು ಮೆತ್ತಿದ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಕಟ್ಟಿಸಿದ ಹಿರಿಯ ಮಹಾ ಜುಗ್ಗ. ಹೊಸ ಮರ ಕಡಿಸಲು ಕೈ ಬಾರದೆ, ನಡುಚಳಿಗಾಲದಲ್ಲಿ ಆಗ್ನೆಸ್ ಎಂಬ ವಿಧವೆಯ ಗುಡಿಸಲು ಕೀಳಿಸಿ, ಅವಳ ಬಾಗಿಲುವಾಡವನ್ನೇ ತಂದು ತನ್ನ ಮಹಡಿ ಗೋಡೆಗೆ ಸೇರಿಸಿ, ಮೇಲೆ ಗಾರೆ ಮೆತ್ತಿಸಿಬಿಟ್ಟ. ಅವಳು ಹಿಮದಲ್ಲಿ ಸೆಟೆದು ಸತ್ತಳು. "ನನ್ನ ಬಾಗಿಲಿಗೆ ನಾನು ಬಂದೇ ಬರ್ತೀನಿ" ಎಂದಿದ್ದಳಂತೆ. ಅಂದಿನಿಂದ ಆ ಗೋಡೆಯ ಗಾರೆಯನ್ನು ಯಾರೂ ಮುಟ್ಟಿರಲಿಲ್ಲ.

ಎಷ್ಟೋ ತಲೆಮಾರು ಕಳೆದು ಬಂದ ರೋಲಂಡ್ ಬ್ಲೈಫರ್ಡನಿಗೆ ಹಳೆ ಮರ ಹೊರಗೆ ಕಾಣಬೇಕೆಂಬ ಷೋಕಿ. ಆಗ ಎಲ್ಲರಿಗೂ ಅದೇ ಹುಚ್ಚು. ವಿಲ್ಫ್ ಗಾರೆ ಕೆತ್ತಿದ. ಕರ್ರಗಿನ ಬಾಗಿಲುವಾಡ ಹೊರಬಿತ್ತು.

"ಧಣಿ, ಇದೊಂದನ್ನ ಮತ್ತೆ ಮೆತ್ತಿಬಿಡ್ಲಾ?"

"ಯಾಕೋ, ಮುದುಕಿ ಟೀಗೆ ಬರ್ತಾಳಾ?" ರೋಲಂಡ್ ಹೊಟ್ಟೆ ಹಿಡಿದು ನಕ್ಕ.

ಆ ರಾತ್ರಿ ವಿಲ್ಫ್ ಬಿಯರ್ ಕುಡಿದು ಕೊಳದ ದಂಡೆಯಲ್ಲಿ ಮನೆಗೆ ಹೊರಟಿದ್ದ. ಜೂನ್ ತಿಂಗಳ ಸೆಖೆ. ಎಲೆ ಅಲುಗುತ್ತಿರಲಿಲ್ಲ.

ಟಕ್.

ನಿಂತ...

ಟಕ್.

ಒಣ ಬೆರಳ ಗೆಣ್ಣು ಒಣ ಮರಕ್ಕೆ ತಾಗುವ ಸದ್ದು. ತಲೆಯೆತ್ತಿ ನೋಡಿದರೆ, ಅದೇ ಮಹಡಿ ಗೋಡೆ. ಏಣಿಯಿಲ್ಲ, ಕಾಲಿಡಲು ಜಾಗವಿಲ್ಲ, ನರಪಿಳ್ಳೆಯಿಲ್ಲ. ಪಕ್ಕದ ಕಿಟಕಿಯಲ್ಲಿ ರೋಲಂಡ್ ಇಣುಕಿದ.

"ಯಾರೋ ಅದು ತಟ್ತಿರೋದು? ನೀನೇನೋ?"

"ನಾನಲ್ಲ, ಧಣಿ..." ವಿಲ್ಫ್ ಪಿಸುಗುಟ್ಟಿದ. "ದಮ್ಮಯ್ಯ, ಓಗೊಡಬೇಡಿ. ಕೆಳಗಿಳಿದು ಬಂದ್ಬಿಡಿ."

ರೋಲಂಡನ ಮುಖವೂ ಬಿಳಿಚಿತು. ಇಳಿದು ಬರುತ್ತಿದ್ದನೇನೋ. ಆದರೆ ನಮ್ಮವರಿಗೊಂದು ಚಾಳಿಯಿದೆ. ಕದ ತಟ್ಟಿದರೆ ಸಾಕು, ಯಾರು ಏನೆಂದು ಯೋಚಿಸುವ ಮೊದಲೇ ನಾಲಿಗೆ ಉತ್ತರ ಕೊಟ್ಟಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು.

ಟಕ್.

"ಬನ್ನಿ ಒಳಗೆ!" ಎಂದುಬಿಟ್ಟ.

ಕದವೇ ಇಲ್ಲದ ಗೋಡೆಯಲ್ಲಿ ಅಗುಳಿ ಎತ್ತಿದ ಸದ್ದು... ಕಿರ್‍ರ್... ಮೇಲೆ ದೀಪ ಆರಿತು. ಕತ್ತಲಲ್ಲಿ ಮುದಿ ದನಿಯೊಂದು ಬಹಳ ಅಕ್ಕರೆಯಿಂದ ಹೇಳಿತು: "ಇಷ್ಟು ದಿನ ನೀವೆಲ್ಲ ಬೆಚ್ಚಗಿದ್ರಲ್ಲಪ್ಪ... ಇನ್ನು ನೀನು ಹೊರಗೆ."

ವಿಲ್ಫ್ ಎದ್ದುಬಿದ್ದು ಓಡಿದ. ಓಡಿದ್ದಕ್ಕೆ ಸಾಯುವವರೆಗೂ ಕೊರಗಿದ.

ಬೆಳಗ್ಗೆ ರೋಲಂಡ್ ಆ ಗೋಡೆಯ ಕೆಳಗೆ, ಹುಲ್ಲಿನ ಮೇಲೆ ಸೆಟೆದು ಬಿದ್ದಿದ್ದ. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು. ಹೆಣ ಮುಟ್ಟಿದ ಬೆರಳುಗಳನ್ನು ಮಾತ್ರ ಬಾಯಿಯ ಹತ್ತಿರ ಹಿಡಿದು ಬಿಸಿಯುಸಿರು ಊದಿಕೊಳ್ಳುತ್ತಿದ್ದರು. ರೋಲಂಡನ ಹುಬ್ಬಿನ ಮೇಲೆ ಬಿಳಿ ಹಿಮ, ಜೂನ್ ಬಿಸಿಲಿಗೂ ಕರಗಿರಲಿಲ್ಲ.

ಮನೆಗೆ ಬೀಗ ಬಿದ್ದು ಎಷ್ಟೋ ವರ್ಷವಾಯಿತು. ಒಳಗೆ ಒಂದು ಸೌದೆಯೂ ಇಲ್ಲ. ಆದರೆ ಜನವರಿಯ ಚಳಿ ಬಿದ್ದರೆ ಅದರ ಚಿಮಣಿಯಲ್ಲಿ ಹೊಗೆ ಏಳುತ್ತದೆ. ನಾನೇ ನೋಡಿದ್ದೇನೆ, ದೇವರಾಣೆಗೂ.