ಬಟ್ಟೆ ಒಣಹಾಕುವ ಅಂಗಳದಲ್ಲಿ ರಿಂಗ್ ಆಟ

ಮಾನ್ಯ ಅಧ್ಯಕ್ಷರೇ, ಈಗಷ್ಟೇ ರಿಬ್ಬನ್ ಕತ್ತರಿಸಿದ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ವೈದ್ಯರೇ, ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿರುವ ನನ್ನ ಲಾಂಡ್ರಿಯ ಹೆಣ್ಣುಮಕ್ಕಳೇ, ಸಭಿಕರೇ,

ಆಸ್ಪತ್ರೆಯ ಲಾಂಡ್ರಿಯಿಂದ ನಿವೃತ್ತಳಾಗುತ್ತಿರುವ ನನಗೆ ಈ ಹೊಸ ಕ್ರೀಡಾಭವನದಲ್ಲೇ ಬೀಳ್ಕೊಡುಗೆ ಏರ್ಪಡಿಸಿದ್ದೀರಿ. ಸಂತೋಷ. ಎರಡು ಒಳ್ಳೆಯ ಮಾತು ಹೇಳಿ ಕೂತುಬಿಡಿ ಎಂದು ಆಡಳಿತಾಧಿಕಾರಿಗಳು ಮೊದಲೇ ಸೂಚಿಸಿದ್ದರು. ಮಾತಿನ ಮಟ್ಟಿಗೆ ನಾನೂ ಹಾಗೆಂದುಕೊಂಡೇ ಬಂದಿದ್ದೆ. ಆದರೆ ಅವರು ತಮ್ಮ ಭಾಷಣದಲ್ಲಿ, ನಮ್ಮ ಕೆಳದರ್ಜೆಯ ನೌಕರರಿಗೆ ಆಟದ ಗಂಧಗಾಳಿಯೇ ಇರಲಿಲ್ಲ, ಇನ್ನು ಮುಂದೆ ನಾವೇ ರೂಢಿ ಮಾಡಿಸಬೇಕು ಎಂದರು. ಅದನ್ನು ಕೇಳಿದ ಮೇಲೆ ನನ್ನ ಎರಡು ಒಳ್ಳೆಯ ಮಾತೂ ಗಂಟಲಲ್ಲೇ ಉಳಿದವು.

ಗಂಧಗಾಳಿ ಇರಲಿಲ್ಲವೇ? ಲಾಂಡ್ರಿಯ ಹಿಂದಿನ ಅಂಗಳದಲ್ಲಿ ನಾವು ವರ್ಷಗಟ್ಟಲೆ ರಿಂಗ್ ಆಡಿದ್ದೇವೆ. ಆ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಲಿಯಲು ಒಂದು ಮಧ್ಯಾಹ್ನ ಸಾಕು. ನಡುವೆ ಹಗ್ಗ, ಕೈಯಲ್ಲಿ ರಬ್ಬರಿನ ದಪ್ಪ ಬಳೆಯಂಥ ರಿಂಗು. ಆಚೆಯಿಂದ ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ನಿಂತಲ್ಲಿಂದಲೇ ಎಸೆಯಬೇಕು, ನೆಲಕ್ಕೆ ಬಿಟ್ಟರೆ ಎದುರಿನವರಿಗೆ ಅಂಕ. ಬೂಟು ಬೇಡ, ಬ್ಯಾಟು ಬೇಡ, ತರಬೇತುದಾರರು ಬೇಡ. ಏಪ್ರನ್ ಬಿಚ್ಚಿಟ್ಟವಳೇ ಆಟಗಾರ್ತಿ. ಹಾಸಿಗೆಬಟ್ಟೆ ಒಣಹಾಕುವ ಹಗ್ಗವೇ ನಮ್ಮ ನೆಟ್ಟು. ಆಸ್ಪತ್ರೆಯ ಅಡುಗೆಮನೆಯ ದಪ್ಪಕ್ಕನಿಗೆ ಓಡಲು ಆಗುತ್ತಿರಲಿಲ್ಲ, ನಿಜ. ಆದರೆ ಅವರು ಎಸೆದ ರಿಂಗು ಹಿಡಿದವರ ಬೆರಳು ಸಂಜೆಯವರೆಗೂ ಜುಮ್ಮೆನ್ನುತ್ತಿತ್ತು. ನಗುವವರು ಒಮ್ಮೆ ಹಿಡಿದು ನೋಡಿ.

ನನ್ನ ಅಣ್ಣ ಇದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕನಾಗಿದ್ದ. ರೋಗಿಯೊಬ್ಬರನ್ನು ಮನೆ ಮುಟ್ಟಿಸಿ ವಾಪಸು ಬರುವಾಗ ಗಾಡಿ ಮಗುಚಿ ತೀರಿಕೊಂಡ. ಅತ್ತಿಗೆಗೆ ಲಾಂಡ್ರಿಯಲ್ಲಿ ಕೆಲಸ ಕೊಟ್ಟಿರಿ, ಇಲ್ಲ ಎನ್ನುವುದಿಲ್ಲ. ಆದರೆ ಅತ್ತಿಗೆ ಮಾತನ್ನೇ ನಿಲ್ಲಿಸಿಬಿಟ್ಟರು. ಕೇಳಿದ್ದಕ್ಕೆ ತಲೆಯಾಡಿಸುವುದು, ಬಟ್ಟೆ ಮಡಿಸುವುದು, ಅಷ್ಟೇ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾವಿಬ್ಬರೇ. ಬಾಗಿಲು ಹಾಕಿದರೆ ನನ್ನ ದನಿಯೊಂದೇ. ಅದು ಹೇಗಿರುತ್ತದೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ಬೈಯಲಿ ಎಂದು ಪಾತ್ರೆಗಳನ್ನು ಬೇಕೆಂದೇ ದಡಬಡ ಎತ್ತಿ ಇಡುತ್ತಿದ್ದೆ. ಬೈಯಲಿಲ್ಲ. ಇದನ್ನೆಲ್ಲ ಇಲ್ಲಿ ಹೇಳುವ ಉದ್ದೇಶ ಇರಲಿಲ್ಲ. ಬಾಯಿಗೆ ಬಂತು, ಇರಲಿ.

ಒಂದು ದಿನ ಅವರ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ರಿಂಗು ಅವರ ಭುಜಕ್ಕೆ ತಾಗಿ ಬಿತ್ತು. ಇನ್ನೊಂದೂ ಬಿತ್ತು. ಆಮೇಲೊಂದನ್ನು ಹಿಡಿದರು. ಹಿಡಿದವರು ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಎಸೆದರು. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಯಾರ ಕೈಯೂ ತಾಗದೆ ಗೆರೆ ದಾಟಿತು, ಔಟ್ ಎಂದರು ದಪ್ಪಕ್ಕ. ಆಗ ಅತ್ತಿಗೆ ಬಾಯಿ ಬಿಟ್ಟರು.

"ಔಟ್ ಹೇಗಾಗುತ್ತೆ? ಅವಳ ಕೈ ತಾಗಿತ್ತು. ನಾನೇ ನೋಡಿದೆ."

ಅಣ್ಣ ಹೋದ ಮೇಲೆ ಅವರಾಡಿದ ಮೊದಲ ಮಾತು ಅದು, ಜಗಳದ ಮಾತು. ನನ್ನ ಕೈ ತಾಗಿರಲಿಲ್ಲ. ತಾಗಿತ್ತು ಎಂದೆ. ಅಂದಿನಿಂದ ಕೆಲಸ ಮುಗಿಸಿ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅಂಕಗಳ ತಕರಾರು. ಅದಕ್ಕಿಂತ ಸುಖದ ದಿನಗಳನ್ನು ನಾನು ಕಂಡಿಲ್ಲ.

ಹೀಗಿರುವಾಗ ನೀವು ಅಂಗಳಕ್ಕೆ ಬೇಲಿ ಹಾಕಿಸಿದಿರಿ. ಬಟ್ಟೆ ಒಣಗಿಸಲು ಯಂತ್ರ ಬಂದಿದೆ, ಇನ್ನು ಅಲ್ಲಿ ಕಾರು ನಿಲ್ಲಲಿ ಎಂದಿರಿ. ಊಟದ ಹೊತ್ತಿಗೆ ಒಂದು ಮೂಲೆಯನ್ನಾದರೂ ಬಿಟ್ಟುಕೊಡಿ ಎಂದು ನಾನು ಆಡಳಿತಾಧಿಕಾರಿಗಳ ಕೋಣೆಗೆ ಹೋಗಿ ಬೇಡಿಕೊಂಡೆ. ಅವರು ತಲೆಯನ್ನೂ ಎತ್ತದೆ, "ಇದು ಆಸ್ಪತ್ರೆ ಕಣಮ್ಮಾ, ಆಟದ ಮೈದಾನ ಅಲ್ಲ" ಎಂದರು.

ಈಗ ಅದೇ ಆಸ್ಪತ್ರೆಗೆ ಮರದ ನೆಲದ ಕ್ರೀಡಾಭವನ ಬಂದಿದೆ. ಗಾಜಿನ ಬಾಗಿಲ ಮೇಲೆ ಏನು ಬರೆಸಿದ್ದೀರಿ? ಸದಸ್ಯರಿಗೆ ಮಾತ್ರ. ಕ್ರೀಡಾಬೂಟು ಕಡ್ಡಾಯ. ಸಂಜೆ ಮಾತ್ರ ಪ್ರವೇಶ. ಸಂಜೆ ಲಾಂಡ್ರಿಯಲ್ಲಿ ಎರಡನೇ ಪಾಳಿ ನಡೆಯುತ್ತದೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನಿಮ್ಮ ಮೈಮೇಲಿನ ಬಿಳಿ ಕೋಟು ತಾನಾಗಿಯೇ ಬೆಳ್ಳಗಾಯಿತೇ? ಅಂಗಳ ಹೋದ ಮೇಲೆ ಅತ್ತಿಗೆಯ ಮಾತು ಮತ್ತೆ ಸಣ್ಣಗಾಗುತ್ತ ಬಂದಿದೆ. ನಾಳೆಯಿಂದ ನಾನು ದಿನವಿಡೀ ಮನೆಯಲ್ಲಿರುವವಳು. ನನಗೆ ಹೆದರಿಕೆಯಾಗುತ್ತಿದೆ. ನನ್ನನ್ನು ಇಷ್ಟು ಹೆದರಿಸಿದಿರಲ್ಲ, ಅದಕ್ಕೇ ಸಿಟ್ಟು.

ಆದ್ದರಿಂದ ನನಗೆ ಕೊಡಲೆಂದು ಮೇಜಿನ ಮೇಲಿಟ್ಟಿರುವ ಆ ಗಾಜಿನ ಸ್ಮರಣಿಕೆ ನಿಮ್ಮಲ್ಲೇ ಇರಲಿ. ನೀವೆಲ್ಲ ಒಳಗೆ ಬಂದು ಕೂತ ಮೇಲೆ, ಭಾಷಣ ಶುರುವಾಗುವ ಮೊದಲೇ, ನಾವು ಹೆಂಗಸರು ಬೇಲಿ ತೆಗೆದು ಅಂಗಳದ ಕಂಬಗಳಿಗೆ ಹಗ್ಗ ಬಿಗಿದಿದ್ದೇವೆ. ಅಧ್ಯಕ್ಷರ ಕಾರು, ಆಡಳಿತಾಧಿಕಾರಿಗಳ ಕಾರು ಹಗ್ಗದ ಆಚೆ ಸಿಕ್ಕಿಕೊಂಡಿವೆ. ಒಂದು ಗೀರೂ ಬಿದ್ದಿಲ್ಲ, ಗಾಬರಿ ಬೇಡ. ಆದರೆ ಹಗ್ಗ ಬಿಚ್ಚುವುದು ಆಟ ಮುಗಿದ ಮೇಲೆಯೇ. ನಾಳೆಯೂ ಕಟ್ಟುತ್ತೇವೆ, ನಾಡಿದ್ದೂ ಕಟ್ಟುತ್ತೇವೆ. ನಾನು ನಿವೃತ್ತಳು, ನನಗೆ ನೋಟೀಸು ಕೊಡಲು ನಿಮ್ಮಿಂದ ಆಗುವುದಿಲ್ಲ. ಗಂಟು ಬಿಗಿಯುವಾಗ ಅತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿ, "ಮೊದಲ ಎಸೆತ ನಂದು" ಎಂದರು.

ಅಂಗಳದಲ್ಲಿ ರಿಂಗು ಹಿಡಿದು ನಿಂತಿರುವ ಅವರನ್ನು ಇನ್ನು ಕಾಯಿಸಲಾರೆ. ಬರುವವರು ಬೂಟು ಬಿಚ್ಚಿಟ್ಟು ಬನ್ನಿ. ಇಷ್ಟು ಹೊತ್ತು ಮೈಕು ಆರಿಸದೆ ಬಿಟ್ಟಿದ್ದಕ್ಕೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.